ನಾನು ನಡೆಯದ ಸುತ್ತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಒಳಗೊಳಗೇ ನಗುತ್ತಿದ್ದವಳು ನಾನು. ಹೊನ್ನಾವರದ ಕಾನ್ವೆಂಟಿನಲ್ಲಿ ಓದಿದವಳು. ಹೆದರಿಕೆಯಾದರೆ ದೀಪ ಹಾಕಿ ನೋಡು, ಅಲ್ಲಿ ಟವೆಲ್ ನೇತಾಡುತ್ತಿರುತ್ತದೆ ಅಷ್ಟೇ ಎಂದು ಸಿಸ್ಟರ್ ಒಬ್ಬರು ಹೇಳಿದ್ದನ್ನೇ ನಂಬಿಕೊಂಡು ಬಂದಿದ್ದೆ. ಹಾಗಾಗಿ ನೀವು ಇದನ್ನು ನಂಬಲೇಬೇಕೆಂದು ಕೇಳುವ ಮುಖ ನನಗಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ದುಬೈಯಿಂದ ರಜೆಗೆ ಬಂದ ಮೈದುನ ಅಂಗೈಯಗಲದ ಜಿಪಿಎಸ್ ಯಂತ್ರ ತಂದಿದ್ದ. ಅದನ್ನು ಹಿಡಿದು ಯಜಮಾನರು, ಅವನು, ನಾನು ಯಾಣದ ಕಾಡಿಗೆ ಹೋದೆವು. ವೇಪಾಯಿಂಟ್, ರೂಟ್, ಟ್ರ್ಯಾಕ್ ಎಂದು ಅವನು ಎಷ್ಟು ಹೇಳಿದರೂ ನನ್ನ ತಲೆಗೆ ಹೋಗಲಿಲ್ಲ. ಕೊನೆಗೆ ನನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ರಂಗೋಲಿಗೆ ಇಡುವ ಚುಕ್ಕಿ ವೇಪಾಯಿಂಟ್. ಹೀಗೆ ಹೋಗಬೇಕೆಂದು ಚುಕ್ಕಿಗಳನ್ನು ಮೊದಲೇ ಸೇರಿಸಿದ ಗೆರೆ ರೂಟ್. ಸಾರಿಸಿದ ಹಸಿ ನೆಲದ ಮೇಲೆ ಬೆಕ್ಕು ನಿಜಕ್ಕೂ ನಡೆದುಹೋದ ಗುರುತು ಟ್ರ್ಯಾಕ್.

"ಅತ್ತಿಗೆ ಪಾಸಾದ್ರು!" ಎಂದ ಮೈದುನ.

ಬಂಡೆಗಳ ಹತ್ತಿರ ನನಗೆ ಕಾಲು ಸೋತಿತು. ಯಂತ್ರವನ್ನು ಆರಿಸದೆ ನನ್ನ ಚೀಲದಲ್ಲಿಟ್ಟು ಅಣ್ಣತಮ್ಮ ಮುಂದೆ ಹೋದರು. ನಾನು ಕಲ್ಲಿನ ಮೇಲೆ ಕೂತೆ. ಇರುವೆಯೊಂದು ಅವಲಕ್ಕಿಯ ಚೂರು ಎಳೆಯುತ್ತಿತ್ತು. ಅದು ಬೇರು ದಾಟುವ ತನಕ ನೋಡಿದೆ. ಅವರು ಬರುವವರೆಗೂ ಏಳಲಿಲ್ಲ. ಚೀಲ ತೊಡೆಯ ಮೇಲೇ ಇತ್ತು.

ಮರಳುವಾಗ ಮೈದುನ, ಬಂದ ಟ್ರ್ಯಾಕಿನ ಮೇಲೇ ವಾಪಸು ಕರೆದೊಯ್ಯುವ ಗುಂಡಿ ಒತ್ತಿದ. ಪರದೆಯ ಮೇಲಿನ ಬಾಣ ನಮ್ಮನ್ನು ದಾರಿ ಬಿಡಿಸಿ ತಗ್ಗಿಗೆ ಇಳಿಸಿತು. ಅಲ್ಲೊಂದು ಖಾಲಿ ಜಾಗ. ಅದನ್ನು ಬಲಕ್ಕಿಟ್ಟುಕೊಂಡು ಮೂರು ಸುತ್ತು ಹಾಕಿಸಿ ಮತ್ತೆ ನಾನು ಕೂತಿದ್ದ ಕಲ್ಲಿಗೇ ತಂದಿತು. ತಗ್ಗಿನ ತುಂಬ ಒಣಗಿದೆಲೆ ಹಪ್ಪಳದ ಹಾಗೆ ಬಿದ್ದಿತ್ತು. ನಾವು ತುಳಿಯುವ ಮೊದಲು ಒಂದೂ ಮುರಿದಿರಲಿಲ್ಲ.

"ನಾವಿಲ್ದಾಗ ಪ್ರದಕ್ಷಿಣೆ ಬಂದ್ರಾ ಅತ್ತಿಗೆ? ಎಂತ ಹರಕೆ?" ಎಂದು ಮೈದುನ ನಕ್ಕ.

"ನಾ ಕೂತಲ್ಲಿಂದ ಎದ್ದೇ ಇಲ್ಲ ಮಾರಾಯ!"

ಇಬ್ಬರೂ ಸೇರಿ ನನ್ನನ್ನು ಮಂಗ ಮಾಡುತ್ತಿದ್ದಾರೆಂದೇ ನನ್ನ ಗುಮಾನಿ. ಆದರೆ ಯಜಮಾನರು ನಗುತ್ತಿರಲಿಲ್ಲ.

"ತಮ್ಮಾ, ಈ ಬಾಣ ತೋರ್ಸೂದು ವಾಪಸ್ ದಾರಿ ಅಲ್ದಾ? ಅಂದ್ರೆ ಮೊದ್ಲು ಸುತ್ತಿದ್ದು ಉಲ್ಟಾ."

ಮೈದುನನ ನಗು ನಿಂತಿತು. ನಮ್ಮಲ್ಲಿ ಎಡಕ್ಕಿಟ್ಟುಕೊಂಡು ಸುತ್ತು ಬರುವುದು ಹೆಣಕ್ಕೆ ಮಾತ್ರ.

ಬಂಡೆಗೆ ಬಡಿದು ಸಿಗ್ನಲ್ ತಪ್ಪಿರಬೇಕು ಎಂದ ಅವನು. ಹಾಗೆ ತಪ್ಪಿದರೆ ಗೆರೆ ಅಡ್ಡಾದಿಡ್ಡಿ ಹಾರುತ್ತದೆ ಎಂದು ಬೆಳಿಗ್ಗೆ ಹೇಳಿದವನೂ ಅವನೇ. ಪರದೆಯ ಮೇಲಿನ ಈ ಗೆರೆ ಮಾತ್ರ ಸೀರೆಯುಟ್ಟ ಹೆಂಗಸು ನಡೆದ ಹಾಗೆ ನಿಧಾನ, ಒಂದೇ ಸಮ.

ಕುಮಟೆಗೆ ಬರುವ ಜೀಪಿನಲ್ಲಿ ಯಜಮಾನರು ಮೆಲ್ಲಗೆ ಕೇಳಿದರು: "ಬೈಯೂದಿಲ್ಲ, ನಿಜ ಹೇಳು. ಯಾರನ್ನ ಸುತ್ತಿದ್ದೆ?"

ಎಲ್ಲಿಗೆ ಹೋಗಿದ್ದೆ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಕೂತಲ್ಲಿಂದ ಎದ್ದೇ ಇಲ್ಲವೆಂದು ಮಕ್ಕಳ ಮೇಲೆ ಆಣೆ ಇಟ್ಟು ಹೇಳಿದೆ. "ಆತು, ಬಿಡು" ಎಂದು ಆ ಟ್ರ್ಯಾಕನ್ನು ತಾವೇ ಅಳಿಸಿದರು.

ಅದು ಯಾರ ನಡಿಗೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಜಮಾನರು ಗಟ್ಟಿಮುಟ್ಟಾಗಿದ್ದಾರೆ. ನಿನ್ನ ಮಾತು ನಂಬಿದ್ದೇನೆ ಎನ್ನುತ್ತಾರೆ. ಆದರೆ ಬೆಳಿಗ್ಗೆ ನಾನು ತುಳಸಿಕಟ್ಟೆಗೆ ಸುತ್ತು ಬರುವಾಗ, ಜಗಲಿಯಲ್ಲಿ ಕೂತ ಅವರು ಪೇಪರು ಕೆಳಗಿಳಿಸಿ, ಯಾವ ಕಡೆಯಿಂದ ಸುತ್ತುತ್ತೇನೆಂದು ನೋಡುತ್ತಾರೆ.