ಮೂವತ್ತೆಂಟು ನಿಮಿಷ

ಶನಿವಾರ ನಾಲ್ಕೂವರೆಯಾದರೆ ಮಾಲೂರಿನ ಹುಸೇನ್ ಸಾಬ್ ಕಲಾಯಿ ಒಲೆಯ ತಿದಿ ನಿಲ್ಲಿಸಿ, ಕೈಮಸಿ ಒರೆಸಿಕೊಂಡು ಮಾಳಿಗೆ ಹತ್ತುತ್ತಿದ್ದ. ಆಮೇಲೆ ಹೆಂಡತಿ ಮುನ್ನೀ ಬೀ ಕೆಳಗಿನಿಂದ ಎಷ್ಟು ಕೂಗಿದರೂ ಇಳಿಯುತ್ತಿರಲಿಲ್ಲ. ಬೆಂಗಳೂರಿನ ದಿಕ್ಕಿನಲ್ಲಿ ಚುಕ್ಕೆಯೊಂದು ಕಾಣಿಸಿ, ಬರಬರುತ್ತ ದೊಡ್ಡದಾಗಿ, ತುಕ್ಕುಬಣ್ಣದ ಕತ್ತಿನ ಬಿಳಿ ಪಾರಿವಾಳವಾಗಿ ಗೂಡಿನ ಹಲಗೆಯ ಮೇಲೆ ಇಳಿದಾಗಲೇ ಅವನು ಉಸಿರು ಬಿಡುತ್ತಿದ್ದುದು.

ಅದರ ಹೆಸರು ಚಾಂದನಿ. ಕಾವಿಗೆ ಕೂತ ಹೆಣ್ಣುಹಕ್ಕಿ ದಾರಿಯಲ್ಲಿ ಎಲ್ಲೂ ನಿಲ್ಲುವುದಿಲ್ಲವೆಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಹಾಗಾಗಿ ಮರಿಗಳು ಹಾರಿಹೋದ ದಿನಗಳಲ್ಲಿ ಸುಣ್ಣದಲ್ಲಿ ಮಾಡಿದ ಮೊಟ್ಟೆಯೊಂದನ್ನು ಅದರ ಗೂಡಿನಲ್ಲಿಡುತ್ತಿದ್ದ. ಹಕ್ಕಿ ಅದನ್ನೇ ನಂಬಿ ಕೂರುತ್ತಿತ್ತು.

ಚಾಂದನಿಯ ಕಾಲಿನಲ್ಲೊಂದು ಕೆಂಪು ದಾರ, ದಾರದಲ್ಲಿ ಕೆಲವು ಗಂಟು. ಅದನ್ನು ಬಿಚ್ಚಿ ಸ್ಟೇಷನ್ ಎದುರಿನ ಬೀಡಾ ಅಂಗಡಿಗೆ ಕೊಟ್ಟರೆ ಅವನ ಕೆಲಸ ಮುಗಿಯಿತು. ಅಲ್ಲಿಂದ ಒಬ್ಬ ಮೋಟಾರ್ ಸೈಕಲ್ ಹತ್ತಿ ಕೋಲಾರಕ್ಕೆ ಹೋಗುತ್ತಿದ್ದ. ಸಂಬಳ ತಿಂಗಳಿಗೆ ಎಂಟು ರೂಪಾಯಿ. ೧೯೩೮ರಲ್ಲಿ ಈ ಕೆಲಸ ತಂದವನು ಕದಿರೇಶ. ಬೆಳಗಿನ ರೈಲಿನಲ್ಲಿ ಹಕ್ಕಿಯ ಬುಟ್ಟಿಯನ್ನು ಬೆಂಗಳೂರಿಗೆ ಒಯ್ದು, ಅಲ್ಲಿ ದಾರ ಕಟ್ಟಿ ಹಾರಿಸಿ, ಸಂಜೆ ಏಳರ ರೈಲಿನಲ್ಲಿ ಖಾಲಿ ಬುಟ್ಟಿ ತರುತ್ತಿದ್ದವನೂ ಅವನೇ. ದಾರದಲ್ಲಿರುವುದು ಬೊಂಬಾಯಿ ವ್ಯಾಪಾರಿಗಳ ದರದ ಸುದ್ದಿ ಅಂತ ಹೇಳಿದ್ದ.

ಗಂಟುಗಳೆಂದರೆ ಬೆಂಗಳೂರಿನ ರೇಸಿನಲ್ಲಿ ಗೆದ್ದ ಕುದುರೆಯ ನಂಬರು ಎಂಬುದು ಹುಸೇನ್ ಸಾಬ್‌ಗೆ ತಿಳಿಯಲು ಎರಡು ತಿಂಗಳು ಹಿಡಿಯಿತು.

ವ್ಯವಹಾರ ಕೋಲಾರದ ಚನ್ನರಾಯಪ್ಪನದು, ಕದಿರೇಶ ಅವನ ಆಳು. ಮುಂದೆ ಜವಳಿ ಅಂಗಡಿ, ಹಿಂದಿನ ಕೋಣೆಯಲ್ಲಿ ಕಳ್ಳ ಬಾಜಿ. ಕೋಲಾರದಲ್ಲಿ ನಾಲ್ಕು ಕಡೆ, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಎರಡೆರಡು ಕಡೆ, ಮಾಲೂರಿನ ಈ ಬೀಡಾ ಅಂಗಡಿಯಲ್ಲಿ ಅವನ ಜನ ಚೀಟಿ ಬರೆಯುತ್ತಿದ್ದರು. ಒಂದಾಣೆಯಿಂದ ಶುರು. ಬೀಡಿ ಕಟ್ಟುವವರು, ಜಟಕಾದವರು, ಸಂತೆಗೆ ಬಂದ ರೈತರು, ಮಗ್ಗದವರು ಆಡುತ್ತಿದ್ದರು. ಓಟ ನಾಲ್ಕು ಗಂಟೆಗೇ ಮುಗಿದರೂ ಸುದ್ದಿ ಬರುವುದು ರೈಲಿನಲ್ಲಿ, ಆದ್ದರಿಂದ ಏಳರವರೆಗೆ ಚೀಟಿ ಬರೆಯುವುದು ಇಲ್ಲಿನ ರೂಢಿ. "ರೈಲು ಬರೋವರ್ಗೂ ಕುದುರೆ ಓಡ್ತಾನೇ ಇರುತ್ತೆ" ಎಂದು ಅಂಗಡಿಯವನು ನಗಿಸುತ್ತಿದ್ದ. ಹಕ್ಕಿ ಇಳಿದ ಮೇಲೆ ಗೆದ್ದ ನಂಬರು ಕೇಳಿದವರಿಗೆ ಮಾತ್ರ ಚೀಟಿ ಮುಗಿದುಹೋಗಿರುತ್ತಿತ್ತು. ಸೋತ ಕುದುರೆಗಳಿಗೆ ಎಷ್ಟು ಬೇಕಾದರೂ ಇತ್ತು. ಬೆಳಿಗ್ಗೆಯೇ ಬರೆಸಿದ ಒಬ್ಬಿಬ್ಬರು ಗೆಲ್ಲುತ್ತಿದ್ದರು. ವಾರವೆಲ್ಲ ಊರಿನಲ್ಲಿ ಅವರದೇ ಮಾತು. ಒಂದು ಶನಿವಾರಕ್ಕೆ ಸಾವಿರದ ಮುನ್ನೂರು ಉಳಿಯುತ್ತದೆಂದು ಕದಿರೇಶ ಒಮ್ಮೆ ಬಾಯಿಬಿಟ್ಟಿದ್ದ. ಮಾಮೂಲು ಹೋಗಬೇಕಾದ ಕಡೆಗೆ ಹೋಗುತ್ತಿತ್ತು. ಗುಟ್ಟನ್ನು ಭಾವಮೈದುನನಿಗೆ ಹೇಳಿದ ಚೀಟಿಯವನೊಬ್ಬ ಮೂರನೇ ದಿನ ಟೇಕಲ್ ಹತ್ತಿರ ಹಳಿಯ ಪಕ್ಕ ಹೆಣವಾಗಿ ಸಿಕ್ಕಿದ್ದನ್ನೂ ಕದಿರೇಶನೇ ಹೇಳಿದ್ದ, ನಗುತ್ತಲೇ.

ಹುಸೇನ್ ಸಾಬ್ ಬಾಯಿ ಹೊಲಿದುಕೊಂಡ. ಅವನನ್ನು ಸುಟ್ಟಿದ್ದು ಒಂದೇ. ಬಾಲ್ಯದ ಗೆಳೆಯ, ಜಟಕಾ ಸೀನಪ್ಪ, ಪ್ರತಿ ಶನಿವಾರ ಐದು ಗಂಟೆಯಾದ ಮೇಲೆ ಚೀಟಿ ಬರೆಸುತ್ತಿದ್ದ.

ಸೀನಪ್ಪ ಮನುಷ್ಯರೊಡನೆ ಕನ್ನಡದಲ್ಲೂ ತನ್ನ ಕುದುರೆ ರಾಮಿಯೊಡನೆ ತೆಲುಗಿನಲ್ಲೂ ಮಾತಾಡುವವನು. ಚೀಟಿ ಬರೆಸಿ ಬಂದು ಜಟಕಾದಲ್ಲಿ ಕೂತರೆ, ಹುಸೇನ್ ಸಾಬ್ ಪಕ್ಕದಲ್ಲಿ ಕೂತು ಒಂದೇ ಬೀಡಿಯನ್ನು ಇಬ್ಬರೂ ಸೇದುತ್ತ ರೈಲಿಗೆ ಕಾಯುತ್ತಿದ್ದರು. ಒಬ್ಬನಿಗೆ ಫಲ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಈ ಚಟ ಬಿಡು ಎಂದು ಹುಸೇನ್ ಸಾಬ್ ಎಷ್ಟೋ ಸಲ ಬೈದಿದ್ದ. ಪಾರಿವಾಳದ ಚಟದವನು ನನಗೆ ಬುದ್ಧಿ ಹೇಳುತ್ತಾನೆಂದು ಸೀನಪ್ಪ ನಗುತ್ತಿದ್ದ. ಹೀಗೆ ಮೂರು ವರ್ಷ.

೧೯೪೧ರ ಸಂಕ್ರಾಂತಿಯ ನಂತರದ ಶನಿವಾರ ಚಾಂದನಿ ಎಂದಿಗಿಂತ ಬೇಗ ಬಂತು. ರೈಲಿಳಿದ ಕದಿರೇಶ ಗಡಿಯಾರ ತೋರಿಸಿ, ಹಕ್ಕಿ ಬಿಟ್ಟ ಹೊತ್ತನ್ನು ಹೇಳಿದ. ಹುಸೇನ್ ಸಾಬ್ ಬೆರಳು ಮಡಿಚಿ ಲೆಕ್ಕ ಹಾಕಿದ. ಅವನ ಅಪ್ಪನ ಕಾಲದಲ್ಲೂ ಯಾವ ಹಕ್ಕಿಯೂ ಬೆಂಗಳೂರಿನಿಂದ ನಲವತ್ತು ನಿಮಿಷದ ಕೆಳಗೆ ಬಂದಿರಲಿಲ್ಲ. ಪಾರಿವಾಳ ಸಾಕುವವನಿಗೆ ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗುವುದಿಲ್ಲ. ಹೋಗಿ ಜಟಕಾ ಹತ್ತಿದ.

"ಲೇ ಸೀನ, ಮೂವತ್ತೆಂಟು ನಿಮಿಷ ಕಣೋ. ರೇಸ್ ಕೋರ್ಸ್ ಗೋಡೆಯಿಂದ ನನ್ ಮಾಳಿಗೆಗೆ."

ಸೀನಪ್ಪ ತಿರುಗಲಿಲ್ಲ. ಅಂಗಡಿಯಲ್ಲಿ ಆಗಷ್ಟೇ ಮೂರನೇ ನಂಬರು ಗೆದ್ದಿತೆಂದು ಕೂಗಿದ್ದರು. ಅವನ ಚೀಟಿ ಐದನೇ ನಂಬರಿನದು. ಮುದಿಯಾಗುತ್ತಿದ್ದ ರಾಮಿಯ ಜೊತೆಗೆ ಇನ್ನೊಂದು ಕುದುರೆ ಕೊಳ್ಳುವ ಆಸೆಗೆ, ಆ ದಿನ ಅಂಗಡಿಯವನ ಬಳಿ ರಾಮಿಯನ್ನೇ ಅಡವಿಟ್ಟು ನಲವತ್ತು ರೂಪಾಯಿ ಕಟ್ಟಿದ್ದ. ಹುಸೇನ್ ಸಾಬ್‌ಗೆ ಅದು ಗೊತ್ತಿರಲಿಲ್ಲ.

"ಎಲ್ಲಿಂದ ಅಂದೆ?"

ಹುಸೇನ್ ಸಾಬ್ ಗಾಡಿಯಿಂದ ಇಳಿಯಲು ಹೊರಟ.

"ಎಷ್ಟೊತ್ತಿಗೆ ಬಂತು ನಿನ್ ಹಕ್ಕಿ?"

"ಐದಕ್ಕೆ ಹತ್ ನಿಮಿಷ ಇತ್ತು."

"ನಾನು ಚೀಟಿ ಬರೆಸಿದ್ದು ಐದೂವರೆಗೆ." ಸೀನಪ್ಪ ಲಗಾಮನ್ನು ಕೈಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಇದ್ದ. "ಎಷ್ಟ್ ದಿನದಿಂದ್ಲಾ ಇದು?"

"ನಂಗೂ ಮೊದ್ಲು ಗೊತ್ತಿರ್ಲಿಲ್ಲ ಕಣೋ. ಆಮೇಲೆ ಜೀವದ ಭಯ."

"ಪಕ್ಕದಲ್ಲೇ ಕೂತಿದ್ಯಲ್ಲೋ ಉಸೇನಿ. ನನ್ ಬೀಡಿ ಸೇದ್ಕೊಂಡು."

ಸೀನಪ್ಪ ಗಾಡಿಯಿಂದಿಳಿದು, ರಾಮಿಯ ಕಿವಿಯ ಬಳಿ ತೆಲುಗಿನಲ್ಲಿ ಏನೋ ಹೇಳಿ, ಗಾಡಿ ಬಿಚ್ಚಿ, ಕುದುರೆಯನ್ನು ನಡೆಸಿಕೊಂಡು ಮನೆಗೆ ಹೋದ. ಮರುದಿನ ಬೆಳಿಗ್ಗೆ ಕೋಲಾರದಿಂದ ಇಬ್ಬರು ಬಂದು ರಾಮಿಯನ್ನು ಹೊಡೆದುಕೊಂಡು ಹೋದರು.

ಸೀನಪ್ಪ ಸ್ಟೇಷನ್ ಮುಂದೆ ನಿಂತು ಸಿಕ್ಕವರಿಗೆಲ್ಲ ಹಕ್ಕಿಯ ವಿಷಯ ಹೇಳಿದ. ಹುಸೇನ್ ಸಾಬ್‌ನ ಹೆಸರನ್ನು ಮಾತ್ರ ಎತ್ತಲಿಲ್ಲ. ಯಾರೂ ನಂಬಲಿಲ್ಲ. ಕುದುರೆ ಕಳೆದುಕೊಂಡವನು ಹೀಗೆಯೇ ಆಡುತ್ತಾನೆಂದರು. ಬುಧವಾರ ಸಂತೆಯ ದಾರಿಯಲ್ಲಿ ಯಾರೋ ಅವನ ಎಡಗೈ ಮುರಿದರು. ಮುಂದಿನ ಶನಿವಾರ ಬೀಡಾ ಅಂಗಡಿಯ ಮುಂದೆ ಜನ ಹೆಚ್ಚೇ ಇದ್ದರು.

ಅಂದು ದಾರವನ್ನು ಅಂಗಡಿಗೆ ಒಯ್ಯುವ ಮೊದಲು ಹುಸೇನ್ ಸಾಬ್ ಸೀನಪ್ಪನ ಮನೆಗೆ ಹೋದ. ಏಳನೇ ನಂಬರಿಗೆ ಕಟ್ಟು, ರಾಮಿಯನ್ನು ಬಿಡಿಸಿಕೋ, ಆಮೇಲೆ ನನ್ನದು ಏನಾದರೂ ಆಗಲಿ ಎಂದ. ಕೈಗೆ ಬಿದಿರಿನ ದಬ್ಬೆ ಕಟ್ಟಿಕೊಂಡು ಕೂತಿದ್ದ ಸೀನಪ್ಪ ತಲೆಯೆತ್ತಲಿಲ್ಲ.

"ನಿನ್ ಗಂಟು ನಂಗೆ ಬ್ಯಾಡ. ಹೋಗು."

ಕೆಲಸ ಬಿಡುತ್ತೇನೆಂದು ಹೇಳುವ ಧೈರ್ಯ ಹುಸೇನ್ ಸಾಬ್‌ಗೆ ಇರಲಿಲ್ಲ. ಹಕ್ಕಿಯೇ ಇಲ್ಲದಿದ್ದರೆ ಕೆಲಸವೂ ಇಲ್ಲವೆಂದುಕೊಂಡು, ಸುಣ್ಣದ ಮೊಟ್ಟೆ ತೆಗೆದು ಬಿಸಾಡಿ, ಚಾಂದನಿಯನ್ನು ಬಸ್ಸಿನಲ್ಲಿ ನಂಗಲಿಗೆ ಒಯ್ದ. ಅಲ್ಲಿನ ನೆಂಟರಿಗೆ ಕೊಟ್ಟು, ತಿಂಗಳು ಕಳೆಯುವವರೆಗೆ ಹೊರಗೆ ಬಿಡಬೇಡಿ ಎಂದ. ಎರಡು ಬಸ್ಸು ಬದಲಿಸಿ ಅವನು ಮಾಲೂರು ಸೇರುವಷ್ಟರಲ್ಲಿ ಹಕ್ಕಿ ಮಾಳಿಗೆಯ ಮೇಲಿತ್ತು. ಕಾಳು ಹಾಕಲು ಬಾಗಿಲು ತೆರೆದಾಗ ತಪ್ಪಿಸಿಕೊಂಡಿತ್ತಂತೆ. ಕತ್ತು ಮುರಿಯಬೇಕೆಂದು ಕೈಯಲ್ಲಿ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ಆಮೇಲೆ ನೀರಿಟ್ಟ.

ಕೈ ಕೂಡಿದ ಮೇಲೆ ಸೀನಪ್ಪ ಸ್ಟೇಷನ್ನಿನಲ್ಲಿ ಕೂಲಿಯಾದ. ಶನಿವಾರ ಬೆಳಿಗ್ಗೆ ಕದಿರೇಶ ಬುಟ್ಟಿಯನ್ನು ಅವನ ತಲೆಗೇ ಹೊರಿಸುತ್ತಿದ್ದ. ಹುಸೇನ್ ಸಾಬ್ ಕಂಬಿಯಾಚೆ ನಿಂತು ನೋಡುತ್ತಿದ್ದ. ಸೀನಪ್ಪ ಅವನತ್ತ ಒಮ್ಮೆಯೂ ನೋಡುತ್ತಿರಲಿಲ್ಲ. ರೈಲಿನ ಡಬ್ಬಿಯೊಳಗೆ ಬುಟ್ಟಿ ಇಳಿಸಿ, ಬಿಸಿಲು ಬೀಳುವ ಕಡೆಯಿಂದ ನೆರಳಿಗೆ ಸರಿಸಿ, ಹಕ್ಕಿಗೆ ತೆಲುಗಿನಲ್ಲಿ ಏನೋ ಹೇಳಿ, ಕೆಳಗಿಳಿಯುತ್ತಿದ್ದ.