ಅಡ್ಜಸ್ಟ್ ಆಗುತ್ತೆ, ಅಂಕಲ್

ಎರಡು ವರ್ಷದ ಹಿಂದಿನ ಮಾತು. ನ್ಯೂಜೆರ್ಸಿಯಲ್ಲಿ ಎಲೆ ಉದುರುವ ಕಾಲ. ಮಗಳು ಆಗಷ್ಟೇ ಕಾಲೇಜಿಗೆ ಸೇರಿದ್ದಳು. ಇಪ್ಪತ್ತು ವರ್ಷ ಮನೆಯಲ್ಲೇ ಇದ್ದ ನಾನು ಮತ್ತೆ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಆ ಕೆಲಸ ಏನೆಂದು ಹೇಳಿದರೆ ಈಸ್ಟ್ ಬ್ರನ್ಸ್‌ವಿಕ್‌ನ ನನ್ನ ಗೆಳತಿಯರು ಇವತ್ತಿಗೂ ನಗುತ್ತಾರೆ. ಬೇಟೆಗಾರರ ಬಟ್ಟೆಗಳನ್ನು ತೊಟ್ಟು ನೋಡಿ, ಅವು ಮೈಗೆ ಸರಿಯಾಗಿ ಕೂರುತ್ತವೆಯೇ, ಮಾಡಬೇಕಾದ ಕೆಲಸ ಮಾಡುತ್ತವೆಯೇ ಎಂದು ಬರೆದುಕೊಡುವುದು ನನ್ನ ಕೆಲಸ. ಸೊಳ್ಳೆ ಹೊಡೆಯುವುದಕ್ಕೂ ಹಿಂದೆಮುಂದೆ ನೋಡುವ ಮನೆತನ ನಮ್ಮದು.

"ಅಮ್ಮಾ, ದಟ್ಸ್ ಸೋ ವಿಯರ್ಡ್," ಎಂದಿದ್ದಳು ಮಗಳು.

"ಜಿಂಕೆ ಹೊಡೆಯೋರು ಬೇರೆ ಕಣೇ. ನಾನು ಹೊಲಿಗೆ ನೋಡೋಳು," ಎಂದಿದ್ದೆ.

ಮದುವೆಗೆ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಎಕ್ಸ್‌ಪೋರ್ಟ್ ಶರ್ಟುಗಳ ತಪಾಸಣೆ ಮಾಡುತ್ತಿದ್ದವಳು ನಾನು. ಆ ಹಳೆಯ ಅನುಭವ ನೋಡಿಯೇ ರಾಬಿನ್ಸ್‌ವಿಲ್‌ನ ಗೋದಾಮುಗಳ ನಡುವೆ ಇರುವ ಈ ಸಣ್ಣ ಕಂಪನಿಯವರು ನನ್ನನ್ನು ತೆಗೆದುಕೊಂಡರು. ಅಲ್ಲಿ ನಜೀರ್ ಅಂಕಲ್ ಇದ್ದರು. ಶಿವಾಜಿನಗರದಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಇಲ್ಲಿಗೆ ಬಂದು ಮೂವತ್ತು ವರ್ಷವಾದರೂ ಕಿವಿಯ ಮೇಲೊಂದು ಪೆನ್ಸಿಲ್, ಕೊರಳಲ್ಲಿ ಟೇಪು. ಕಂಪನಿಯ ಎಲ್ಲ ಬಟ್ಟೆಗಳ ಕಾಗದದ ಪ್ಯಾಟರ್ನ್ ಕತ್ತರಿಸುತ್ತಿದ್ದವರು ಅವರೇ. ಊಟದ ಹೊತ್ತಿನಲ್ಲಿ ನಾವಿಬ್ಬರೂ ಮನಸಾರೆ ಕನ್ನಡ ಮಾತಾಡುತ್ತಿದ್ದೆವು.

ಆ ವರ್ಷ ಕಂಪನಿ ಮೊದಲ ಸಲ ಹೆಂಗಸರಿಗೆಂದೇ ಒಂದು ಜಾಕೆಟ್ ಮಾಡಿತ್ತು. ಅದರಿಂದ ಅವರು ಬಯಸುತ್ತಿದ್ದದ್ದು ಕಡಿಮೆಯೇನಲ್ಲ. ಕೈ ಎತ್ತಿದರೆ ಸರಬರ ಸದ್ದಾಗಬಾರದು, ಗಂಟೆಗಟ್ಟಲೆ ಅಲ್ಲಾಡದೆ ಕೂತರೂ ಬೆಚ್ಚಗಿರಬೇಕು, ಮೈಯ ವಾಸನೆ ಹೊರಗೆ ಹೋಗಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಬೆನ್ನ ಮೇಲಿನ ಒಂದು ಸೀಳು. ಇಲ್ಲಿಯ ಬೇಟೆಗಾರರು ಮರಕ್ಕೆ ಅಟ್ಟಣಿಗೆ ಕಟ್ಟಿಕೊಂಡು ಕೂರುತ್ತಾರೆ. ಬೀಳದಿರಲೆಂದು ಜಾಕೆಟ್ಟಿನ ಒಳಗೆ ಭುಜ, ಎದೆ, ತೊಡೆಗಳಿಗೆ ಬೆಲ್ಟು ಬಿಗಿದುಕೊಂಡಿರುತ್ತಾರೆ. ಆ ಬೆಲ್ಟಿನ ಬೆನ್ನಿನಿಂದ ಹೊರಡುವ ಪಟ್ಟಿ ಜಾಕೆಟ್ಟಿನ ಸೀಳಿನಿಂದ ಹೊರಗೆ ಬಂದು ಮರಕ್ಕೆ ಕಟ್ಟಿರುತ್ತದೆ. ನಜೀರ್ ಅಂಕಲ್ ಅದನ್ನು "ಹಿಂದಿನ ಕಾಜಾ" ಎನ್ನುತ್ತಿದ್ದರು.

ಆಫೀಸಿನಲ್ಲಿ ನಾನು ಸ್ಮಾಲ್ ಸೈಜು ತೊಟ್ಟು ನಿಂತೆ. ಕಾಜಾ ಪಟ್ಟಿಗಿಂತ ಎರಡು ಬೆರಳು ಕೆಳಗೆ ಕೂತಿತ್ತು. ಕೈ ಹಿಂದೆ ಹಾಕಿ ಜಾಕೆಟ್ಟನ್ನು ಸ್ವಲ್ಪ ಮೇಲೆ ಜಗ್ಗಿದೆ, ಭುಜ ಕುಗ್ಗಿಸಿದೆ, ಕುತ್ತಿಗೆಯ ಹತ್ತಿರ ಜಿಪ್ಪನ್ನು ಒಂದಿಷ್ಟು ಇಳಿಸಿದೆ. ಪಟ್ಟಿ ಹೊರಗೆ ಬಂತು.

"ಸರಿ ಕೂತಿದೆಯೇನಮ್ಮ?" ಎಂದರು ನಜೀರ್ ಅಂಕಲ್.

"ಅಡ್ಜಸ್ಟ್ ಆಗುತ್ತೆ, ಅಂಕಲ್."

"ಆಯ್ತು ಬಿಡು," ಎಂದು ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೋದರು.

ಕೇಳಿದವರು ಅಮೆರಿಕದವರಾಗಿದ್ದರೆ ಏನು ಅಡ್ಜಸ್ಟ್, ಎಲ್ಲಿ ಅಡ್ಜಸ್ಟ್ ಎಂದು ಪ್ರಾಣ ತಿನ್ನುತ್ತಿದ್ದರು. ನಾವಿಬ್ಬರೂ ಮೂವರ ಸೀಟಿನಲ್ಲಿ ಐವರು ಕೂರುವ ಊರಿನಿಂದ ಬಂದವರು. ಆ ಮಾತು ನಮಗೆ ಚೆನ್ನಾಗಿ ಅರ್ಥವಾಗುತ್ತದೆ, ಬೇಕಾದ್ದಕ್ಕಿಂತ ಹೆಚ್ಚೇ ಅರ್ಥವಾಗುತ್ತದೆ. ತಪಾಸಣೆಯ ಹಾಳೆಯಲ್ಲಿ "ತೊಂದರೆ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಕಾಡಿನಲ್ಲಿ ಒಂದು ಬೆಳಗು ತೊಟ್ಟು ನೋಡುವುದೊಂದು ಬಾಕಿ ಇತ್ತು. ಅದಾದ ಸೋಮವಾರ ಬಟ್ಟೆ ಕತ್ತರಿಸಲು ಶುರು. ನನ್ನ ಹಾಳೆ ತಪ್ಪಾಗಿದ್ದರೆ ಅದರ ಫಲ ಉಣ್ಣುವವಳು ಯಾವುದೋ ಮರದ ಮೇಲೆ ಒಬ್ಬಳೇ ಕೂತ ಹೆಂಗಸು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ.

ಇನ್ನೊಂದು ತಪ್ಪನ್ನೂ ಮಾಡಿದೆ. ವಾಸನೆ ತಾಗದಿರಲೆಂದು ಜಾಕೆಟ್ಟನ್ನು ಚೀಲದಲ್ಲಿ ಬಿಗಿದು ಕೊಟ್ಟಿದ್ದರು. ಕನ್ನಡಿಯಲ್ಲಿ ನೋಡಿಕೊಳ್ಳುವ ಆಸೆಗೆ ಮನೆಯಲ್ಲಿ ಬಿಚ್ಚಿದೆ, ಡೈನಿಂಗ್ ಕುರ್ಚಿಗೆ ನೇತುಹಾಕಿ ಮರೆತೆ. ಒಗ್ಗರಣೆಗೆ ಮುಂಚೆ ಕೋಟುಗಳನ್ನು ಮಹಡಿಯ ಕ್ಲೋಸೆಟ್‌ಗೆ ಸೇರಿಸಿ ಬಾಗಿಲು ಹಾಕಬೇಕೆಂದು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲೇ ನಾವೆಲ್ಲ ಕಲಿತಿರುತ್ತೇವೆ. ಅವತ್ತು ಸಾರಿಗೆ ಇಂಗಿನ ಒಗ್ಗರಣೆ ಚೊಂಯ್ ಎಂದ ಮೇಲೆ ನೆನಪಾಯಿತು. ಮೂಸಿ ನೋಡಿದೆ, ಅಂಥದ್ದೇನಿಲ್ಲ ಅನ್ನಿಸಿತು. ನಮ್ಮ ಮೂಗಿಗೆ ಅದೊಂದು ವಾಸನೆಯೇ ಅಲ್ಲವಲ್ಲ. ಮತ್ತೆ ಚೀಲಕ್ಕೆ ತುರುಕಿದೆ, ಯಾರಿಗೂ ಹೇಳಲಿಲ್ಲ.

ಕಾಡಿಗೆ ನನ್ನನ್ನು ಕರೆದುಕೊಂಡು ಹೋದವಳು ನಮ್ಮ ಕಂಪನಿಯ ಲಿಂಡಾ. ಅರವತ್ತು ದಾಟಿದವಳು, ಹುಡುಗಿಯಾಗಿದ್ದಾಗಿನಿಂದ ಬೇಟೆಯಾಡಿದವಳು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಬೆಳಕು ಹರಿಯುವ ಹೊತ್ತಿಗೆ ದಕ್ಷಿಣ ಜೆರ್ಸಿಯ ಪೈನ್ ಮರಗಳ ನಡುವೆ ಇದ್ದೆವು. ಬಂದೂಕು, ಬಿಲ್ಲು ಯಾವುದೂ ಇರಲಿಲ್ಲ. ಒಂದು ಗಂಟೆ ಕೂರಬೇಕು, ಆಗಾಗ ತಿರುಗಬೇಕು, ಎದ್ದು ನಿಲ್ಲಬೇಕು, ಅನ್ನಿಸಿದ್ದನ್ನು ಬರೆದುಕೊಳ್ಳಬೇಕು, ಅಷ್ಟೆ. ನನ್ನನ್ನು ಏಣಿ ಹತ್ತಿಸಿ, ಪಟ್ಟಿಯನ್ನು ಮರಕ್ಕೆ ಕಟ್ಟಿ, ಎರಡು ಸಲ ಎಳೆದು ನೋಡಿ, ಲಿಂಡಾ ನೂರು ಹೆಜ್ಜೆ ಆಚೆಯ ಇನ್ನೊಂದು ಮರಕ್ಕೆ ಹೋದಳು.

ಆ ಬೆಳಗನ್ನು ಹೇಗೆ ಹೇಳಲಿ. ಮಂಜು ನೆಲದಿಂದ ಏಳುತ್ತಿತ್ತು. ಕೆಳಗಿನ ಮರಳು ಕಾಣದು, ಮೇಲಿನ ಆಕಾಶ ಕಾಣದು, ನಡುವೆ ಕಪ್ಪು ಕಾಂಡಗಳು ಮಾತ್ರ. ಸದ್ದೆಂದರೆ ಸೂಜಿಯೆಲೆಗಳಿಂದ ಹನಿ ತೊಟ್ಟಿಕ್ಕುವುದು. ಮದುವೆಯಾದಾಗಿನಿಂದ ಬೆಳಗಿನ ಆ ಹೊತ್ತಿನಲ್ಲಿ ನಾನು ಸುಮ್ಮನೆ ಕೂತದ್ದೇ ಇಲ್ಲ. ಜಿಪ್ಪನ್ನು ಗದ್ದದವರೆಗೆ ಎಳೆದುಕೊಂಡೆ. ಮೈಯಲ್ಲಿ ಬಿಸಿ ಮೆಲ್ಲಗೆ ಏರಿತು. ಮಂಜು ಹತ್ತಿರ ಬಂದಿತೋ ನಾನೇ ಅದರೊಳಗೆ ಹೋದೆನೋ ತಿಳಿಯಲಿಲ್ಲ. ಜಾಕೆಟ್ ಬೆಚ್ಚಗಿದೆಯೇ ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಯಾರೂ ಕೊಟ್ಟಿರಲಾರರು: ನಾನು ನಿದ್ದೆ ಹೋದೆ.

ಕನಸು ಬಿತ್ತು. ಮೈಸೂರಿನಲ್ಲಿ ನಮ್ಮ ಬೀದಿಯ ದರ್ಜಿ ಅಂಗಡಿ. ನಾನು ಹತ್ತು ವರ್ಷದವಳು, ಸ್ಟೂಲಿನ ಮೇಲೆ ನಿಂತಿದ್ದೇನೆ. ಅಕ್ಕನ ಲಂಗ ನನ್ನ ಮೈಮೇಲಿದೆ. ದರ್ಜಿ ಅಮ್ಮನಿಗೆ ಹೇಳುತ್ತಿದ್ದಾನೆ: "ದೊಡ್ಡೋಳ್ದನ್ನೇ ಒಂಚೂರು ಹಿಡಿದು ಕೊಡ್ತೀನಿ ತಾಯಿ, ಈ ಮಗೀಗ್ಯಾಕೆ ಹೊಸಾದು?" ಅಮ್ಮ ತಲೆಯಾಡಿಸುತ್ತಾಳೆ. ದರ್ಜಿ ನನ್ನ ಕೊರಳಿಗೆ ಟೇಪು ಸುತ್ತುತ್ತಾನೆ. ಸುತ್ತುತ್ತಲೇ ಇದ್ದಾನೆ. ಬಿಗಿಯಾಯಿತು ಎನ್ನಬೇಕು, ನಾಚಿಕೆಯಾಗಿ ಸುಮ್ಮನಿದ್ದೇನೆ.

ಎಚ್ಚರವಾದಾಗ ಕಾಲ ಕೆಳಗೆ ಏನೂ ಇರಲಿಲ್ಲ.

ಅಟ್ಟಣಿಗೆಯಿಂದ ಮುಂದಕ್ಕೆ ಜಾರಿ, ಮರದ ಒಂದು ಪಕ್ಕಕ್ಕೆ ತಿರುಗಿ ನೇತಾಡುತ್ತಿದ್ದೆ. ಒಳಗಿನ ಬೆಲ್ಟು ನನ್ನನ್ನು ಹಿಡಿದಿತ್ತು, ಅದರಲ್ಲಿ ತಪ್ಪಿಲ್ಲ. ಆದರೆ ಪಟ್ಟಿ ಮೇಲಕ್ಕೆ ಜಗ್ಗಿದಾಗ, ಕೆಳಗೆ ಕೂತಿದ್ದ ಆ ಕಾಜಾ ಇಡೀ ಜಾಕೆಟ್ಟನ್ನೇ ಬೆನ್ನ ಕಡೆಯಿಂದ ಎತ್ತಿ ಹಿಡಿದಿತ್ತು. ಮುಂದಿನ ಕಾಲರ್ ಬಂದು ಗಂಟಲಿಗೆ ಕೂತಿತ್ತು. ಜಿಪ್ಪು ಹುಡುಕಿದೆ, ಬಿಗಿಗೆ ಅದು ಕದಲಲಿಲ್ಲ. ಕೂಗಲು ಹೋದೆ, ದನಿ ಬರಲಿಲ್ಲ. ಎರಡು ಬೆರಳನ್ನು ಕಾಲರ್ ಒಳಗೆ ತೂರಿಸಿದೆ. ಎಳೆಯಷ್ಟು ಉಸಿರು ಬಂತು. ಏಣಿ ಮರದ ಆ ಕಡೆ ಇತ್ತು, ಕಾಲಿಗೆ ಸಿಗಲಿಲ್ಲ.

ಸಾಯುವುದು ಹೀಗಾ ಎಂದು ಅನ್ನಿಸಿದ್ದು ನಿಜ. ಭಯ ಒಂದು ಕಡೆ ಇತ್ತು, ಆದರೆ ದೂರದಲ್ಲಿ, ಪಕ್ಕದ ಮನೆಯ ರೇಡಿಯೋ ಹಾಗೆ. ಮಂಜು ಬೆಳ್ಳಗೆ, ಮೆತ್ತಗೆ ಸುತ್ತಲೂ ಇತ್ತು. ನಾನು ನಿಧಾನವಾಗಿ ತಿರುಗುತ್ತಿದ್ದೆ. ಆಗ ಜಿಂಕೆ ಬಂತು. ಹೆಣ್ಣು ಜಿಂಕೆ, ಕೊಂಬಿಲ್ಲ. ನನ್ನ ಬೂಟಿನ ಕೆಳಗೇ ಬಂದು ನಿಂತು, ತಲೆಯೆತ್ತಿ ನೋಡಿತು. ಅದರ ಕಣ್ಣಿನ ಸುತ್ತಲಿನ ಬಿಳಿ ರೋಮ, ಒದ್ದೆ ಮೂಗು ಎಲ್ಲ ಸ್ಪಷ್ಟವಾಗಿ ಕಂಡವು. ಅಷ್ಟು ಚಂದದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದಿಲ್ಲ. ನೋಡಮ್ಮ, ಹೇಗಾಗಿಬಿಟ್ಟೆ ಎಂದು ಅದಕ್ಕೆ ಮನಸ್ಸಿನಲ್ಲೇ ಹೇಳಿದೆ.

ಅದು ಮೂಗರಳಿಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ಕಾಡೆಲ್ಲ ಬೆಚ್ಚುವಂತೆ ಜೋರಾಗಿ ಸೀನಿದ ಹಾಗೆ ಸದ್ದು ಮಾಡಿ, ಬಾಲವೆತ್ತಿ ಓಡಿತು. ಇಂಗು ಅದರ ಮೂಗಿಗೆ ತಲುಪಿತ್ತು.

ಆ ಸದ್ದು ಕೇಳಿ ಲಿಂಡಾ ತಿರುಗಿ ನೋಡಿದಳಂತೆ. ಜಿಂಕೆ ಬೆಚ್ಚಿದರೆ ಯಾತಕ್ಕೆ ಬೆಚ್ಚಿತು ಎಂದು ನೋಡುವುದು ಬೇಟೆಗಾರರ ಅಭ್ಯಾಸ. ಅಟ್ಟಣಿಗೆ ಖಾಲಿ ಇತ್ತು. ಅವಳು ಹೇಗೆ ಇಳಿದಳೋ, ಓಡಿ ಬಂದು ಅರ್ಧ ಏಣಿ ಹತ್ತಿ, ಮರದ ಪಕ್ಕದಿಂದ ಕೈ ಚಾಚಿ, ನನ್ನ ಕಾಲುಗಳನ್ನು ತನ್ನ ಭುಜದ ಮೇಲೆ ಇಟ್ಟುಕೊಂಡು ಎತ್ತಿದಳು. ಕಾಲರ್ ಸಡಿಲಾಯಿತು. ಆಮೇಲೆ ಬಂದ ಮೊದಲ ಉಸಿರಿನ ರುಚಿ ಇವತ್ತಿಗೂ ಗೊತ್ತು. ಒದ್ದೆ ಪೈನಿನ ವಾಸನೆ, ಅದರ ಜೊತೆಗೆ ಒಗ್ಗರಣೆ. ಕೆಳಗಿಳಿದು ಅವಳ ತೆಕ್ಕೆಯಲ್ಲಿ ಮಗುವಿನ ಹಾಗೆ ಅತ್ತೆ.

ಮಧ್ಯಾಹ್ನ ನಾನು ಆಫೀಸಿಗೆ ಹೋದಾಗ ನಜೀರ್ ಅಂಕಲ್ ನನ್ನ ಕುತ್ತಿಗೆಯ ಕೆಂಪು ಗೆರೆ ನೋಡಿದರು. ನಡೆದದ್ದನ್ನೆಲ್ಲ ಹೇಳಿದೆ.

"ನಾನು ಕೇಳಿದ್ನಲ್ಲಮ್ಮ," ಎಂದರು ಮೆಲ್ಲಗೆ. "ಅಡ್ಜಸ್ಟ್ ಆಗುತ್ತೆ ಅಂದೆ ನೀನು."

"ಜಾಕೆಟ್ ಅಡ್ಜಸ್ಟ್ ಆಗ್ಲಿಲ್ಲ ಅಂಕಲ್. ನಾನು ಆಗಿದ್ದೆ."

ಅವರು ಜಾಕೆಟ್ಟನ್ನು ಮೇಜಿನ ಮೇಲೆ ಹಾಸಿ, ಕತ್ತಿನ ಹೊಲಿಗೆಯಿಂದ ಕಾಜಾದವರೆಗೆ ಅಳೆದರು. ಆಮೇಲೆ ಅದೇ ಟೇಪನ್ನು ನನ್ನ ಬೆನ್ನಿಗೆ ಹಿಡಿದು ಅಳೆದರು. "ಗಂಡಸರ ಪ್ಯಾಟರ್ನ್ ಚಿಕ್ಕದು ಮಾಡಿದ್ವಿ. ಕಾಜಾ ಅಲ್ಲೇ ಬಿಟ್ಬಿಟ್ಟೆ. ತಪ್ಪು ನನ್ದೂ ಇದೆ," ಎಂದು ತಮ್ಮದೇ ಪ್ಯಾಟರ್ನಿನ ಮೇಲೆ ಪೆನ್ಸಿಲಿನಿಂದ ದೊಡ್ಡದಾಗಿ ಅಡ್ಡಗೆರೆ ಎಳೆದರು.

ಮ್ಯಾನೇಜರ್‌ಗೆ ಹೇಳುವುದು ಸುಲಭವಿರಲಿಲ್ಲ. ಕೆಲಸದ ಹೊತ್ತಿನಲ್ಲಿ ನಿದ್ದೆ ಹೋದೆ ಎನ್ನಬೇಕು, ಸರಿಯಾಗಿ ನೋಡದೆ ಸಹಿ ಹಾಕಿದೆ ಎನ್ನಬೇಕು. ಕೆಲಸ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಸಿಗುವುದು ಅಷ್ಟರಲ್ಲೇ ಇತ್ತು. ಆದರೂ ಎಲ್ಲ ಹೇಳಿದೆ, ಒಗ್ಗರಣೆಯನ್ನೂ ಬಿಡದೆ. ಆತ ಕೆಟ್ಟವನಲ್ಲ. ಸೋಮವಾರದ ಚಿಂತೆ ಅವನದು. ಬೆಲ್ಟು ಹೇಗೂ ಕಾಪಾಡಿತಲ್ಲ, ಮೇಲಾಗಿ ನೀನು ಸಾಮಾನ್ಯರಿಗಿಂತ ಗಿಡ್ಡ, ನಮ್ಮ ಗಿರಾಕಿಗಳು ಹಾಗಿರುವುದಿಲ್ಲ ಎಂದ.

ಇಂಥ ಮಾತು ಕೇಳಿದಾಗ ಮೊದಲೆಲ್ಲ ಸಾರಿ ಎಂದುಬಿಡುತ್ತಿದ್ದೆ. ಅವತ್ತು ಕಾಲರ್ ತಿರುಗಿಸಿ ತೋರಿಸಿದೆ. "ಲೇಬಲ್ ಮೇಲೆ ಸ್ಮಾಲ್ ಅಂತಿದೆ. ಐ ಆಮ್ ಸ್ಮಾಲ್," ಎಂದೆ. ಆಮೇಲೆ ಬೆಲ್ಟು ಬಿಗಿದು ಜಾಕೆಟ್ ತೊಟ್ಟು, ಜಿಪ್ಪು ಪೂರ್ತಿ ಏರಿಸಿ, ಅವನಿಗೆ ಬೆನ್ನು ಕೊಟ್ಟು, ಪಟ್ಟಿ ಹಿಡಿದು ಮೇಲಕ್ಕೆ ಎಳೆ ಎಂದೆ. ಆತ ಮೆಲ್ಲಗೆ ಎಳೆದ. ನನ್ನ ಗಂಟಲಿನಿಂದ ಬಂದ ಸದ್ದಿಗೆ ಹೆದರಿ ಕೈಬಿಟ್ಟ. ಸೋಮವಾರದ ಕತ್ತರಿ ನಿಂತಿತು. ನನ್ನ ಕೆಲಸ ಉಳಿಯಿತು, ಆದರೆ ಹಳೆಯ ಹಾಳೆಯ ಮೇಲೆ ನನ್ನ ಕೈಯಲ್ಲೇ "ಇದು ತಪ್ಪು" ಎಂದು ಬರೆಸಿಕೊಂಡರು. ಬರೆದೆ.

ಮೂರು ವಾರ ಕಳೆದು ಹೊಸ ಜಾಕೆಟ್ ಬಂತು. ಕಾಜಾ ಮೇಲೆ ಹೋಗಿತ್ತು, ಉದ್ದವೂ ಆಗಿತ್ತು. ಪರೀಕ್ಷೆಗೆ ಬೇರೆಯವರನ್ನು ಕಳಿಸೋಣ ಎಂದರು. ನಾನೇ ಹೋಗುತ್ತೇನೆ ಎಂದೆ. ಅದೇ ಮರ, ಅದೇ ಮಂಜು. ಈ ಸಲ ಲಿಂಡಾ ಏಣಿಯ ಮೇಲೇ ನಿಂತಿದ್ದಳು. ಜಿಪ್ಪು ಗದ್ದದವರೆಗೆ ಏರಿಸಿ, ಕಣ್ಣು ಮುಚ್ಚಿ, ಬೇಕೆಂದೇ ಕಾಲು ಜಾರಿಸಿದೆ.

ಪಟ್ಟಿ ಬಿಗಿಯಿತು. ಕಾಲರ್ ಇದ್ದಲ್ಲೇ ಇತ್ತು. ಲಿಂಡಾ ಕೆಳಗಿಳಿಸಲು ಬಂದಳು, ಒಂದು ನಿಮಿಷ ಇರು ಎಂದೆ. ಕಾಲ ಕೆಳಗೆ ನೆಲವಿಲ್ಲ, ತಲೆಯ ಮೇಲೆ ಆಕಾಶವಿಲ್ಲ. ಭುಜ ಕುಗ್ಗಿಸಿರಲಿಲ್ಲ, ಹೊಟ್ಟೆ ಒಳಗೆಳೆದಿರಲಿಲ್ಲ. ಹೊಟ್ಟೆ ತುಂಬ ಉಸಿರು ಎಳೆದುಕೊಂಡೆ, ಬಿಟ್ಟೆ, ಮತ್ತೆ ಎಳೆದುಕೊಂಡೆ. ಐವತ್ತರ ಹೊಸ್ತಿಲಲ್ಲಿ, ಬೇರೆ ದೇಶದ ಕಾಡಿನಲ್ಲಿ, ಮರಕ್ಕೆ ನೇತುಬಿದ್ದು, ನಾನು ಮೊದಲ ಸಲ ನನ್ನ ಅಳತೆಯ ಬಟ್ಟೆ ತೊಟ್ಟಿದ್ದೆ.