ಕಲ್ಲುಕ್ವಾರಿಯ ದಾರಿಯಲ್ಲಿ ಫೆಲೋಶಿಪ್ಪಿನ ಅರ್ಜಿ

ಬೆಳಿಗ್ಗೆ ಹನ್ನೊಂದೂ ಕಾಲಿಗೆ ಜವಾನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಪ್ರಿನ್ಸಿಪಾಲ್ರು ಇವತ್ತು ಬರಾಕಿಲ್ವಂತೆ. ಊರಲ್ಲಿ ಆಲೆಮನೆ ಆಡ್ತಾ ಐತಂತೆ" ಎಂದ. ಕೆಟ್ಟದ್ದೆಲ್ಲ ಶುರುವಾದದ್ದು ಅಲ್ಲಿಂದ.

ತೊಂಬತ್ತರ ದಶಕದ ನಡುವಿನ ಮಾತು. ಕೃಷ್ಣರಾಜಪೇಟೆಯ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಹೇಳುತ್ತಿದ್ದೆ. ಪಕ್ಕದ ಕುರ್ಚಿಯ ಗೆಳತಿ ಇತಿಹಾಸದವರು. ನಾಗಮಂಗಲ ಸೀಮೆಯ ವೀರಗಲ್ಲುಗಳ ಮೇಲೆ ಸಂಶೋಧನೆ ಮಾಡಬೇಕೆಂಬುದು ಅವರ ಬಹುದಿನದ ಆಸೆ. ಸಂಬಳವಿಲ್ಲದ ರಜೆ ಹಾಕಿ ಓದಲು ಮನೆಯಲ್ಲಿ ಅನುಕೂಲವಿರಲಿಲ್ಲ. ಅಧ್ಯಾಪಕರ ಓದಿಗೆ ಹಣ ಕೊಡುವವರು ಎಲ್ಲೋ ಇದ್ದಾರೆ ಎಂದು ಕೇಳಿದ್ದೆವು, ಅಷ್ಟೆ. ನಮ್ಮಂಥ ತಾಲ್ಲೂಕು ಕಾಲೇಜಿಗೆ ಸುತ್ತೋಲೆ ತಲುಪುವಷ್ಟರಲ್ಲಿ ಗಡುವೇ ಮುಗಿದಿರುತ್ತಿತ್ತು. ಆ ವರ್ಷ ಮೈಸೂರಿಗೆ ಉತ್ತರಪತ್ರಿಕೆ ತಿದ್ದಲು ಹೋಗಿದ್ದಾಗ, ಕ್ಯಾಂಟೀನಿನ ಸಾಲಿನಲ್ಲಿ ನಿಂತ ಯಾರೋ ಅವರಿಗೆ ಹೇಳಿದರು: ಕೆಲಸದಲ್ಲಿರುವ ಅಧ್ಯಾಪಕರಿಗೇ ಒಂದು ಫೆಲೋಶಿಪ್ ಇದೆ, ಮೂರು ವರ್ಷ ಪೂರ್ತಿ ಸಂಬಳ, ತಿರುಗಾಟಕ್ಕೆ ಬೇರೆ ಹಣ, ಬದಲಿಗೆ ಬರುವವರ ಸಂಬಳವೂ ಫೆಲೋಶಿಪ್ ಕೊಡುವವರದೇ.

ಅರ್ಜಿ ತುಂಬಿ ವಾರಗಳೇ ಆಗಿದ್ದವು. ಅದಕ್ಕೆ ಸಹಿ, ಸೀಲು ಹಾಕಬೇಕಿದ್ದ ಪ್ರಿನ್ಸಿಪಾಲರು "ನೋಡೋಣ" ಎನ್ನುತ್ತಲೇ ಬಂದಿದ್ದರು. ಅಂದು ಕಡೆಯ ದಿನ. ಸಂಜೆ ಐದರೊಳಗೆ ಮೈಸೂರಿನ ಕಚೇರಿಗೆ ಮುಟ್ಟಿಸಬೇಕು. ಮುಂದಿನ ವರ್ಷಕ್ಕೆ ಗೆಳತಿಯ ವಯಸ್ಸು ಮಿತಿ ದಾಟುತ್ತಿತ್ತು. ಗುಮಾಸ್ತರ ಮೇಲೆ ನಂಬಿಕೆಯಿಲ್ಲದ ಪ್ರಿನ್ಸಿಪಾಲರು ಕಾಲೇಜಿನ ಸೀಲನ್ನು ತಮ್ಮ ಕೈಚೀಲದಲ್ಲೇ ಇಟ್ಟುಕೊಂಡು ಊರಿಗೆ ಹೋಗುತ್ತಿದ್ದರು. ಅವರ ಊರು ಚಿನಕುರಳಿಯ ಆಚೆ.

"ಬಸ್ಸಿಗೆ ಕಾಯೋಕಾಗಲ್ಲ, ಕೂತ್ಕೊಳ್ರೀ" ಎಂದು ಗೆಳತಿ ತಮ್ಮ ಮೊಪೆಡ್ ತೆಗೆದರು. ನಾನು ಹಿಂದೆ ಕುಳಿತೆ, ಅರ್ಜಿಯ ಚೀಲವನ್ನು ಎದೆಗೆ ಅವುಚಿಕೊಂಡು.

ಚಿನಕುರಳಿ ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಕಲ್ಲುಕ್ವಾರಿಗಳು. ಒಂದು ತಿರುವು ದಾಟಿದಾಗ ದೂರದಲ್ಲಿ ಒಬ್ಬ ಕೆಂಪು ಬಟ್ಟೆ ಬೀಸುತ್ತಿದ್ದ. ಉದ್ದನೆಯ ಒಂದು ಸಿಳ್ಳೆ ಕೇಳಿಸಿತು.

"ನಿಲ್ಸಿ, ಬಂಡೆ ಒಡೀತಾರೆ" ಎಂದೆ.

"ಇದು ಫಸ್ಟ್ ಬೆಲ್ ಕಣ್ರೀ. ಸೆಕೆಂಡ್ ಆಗೋದ್ರೊಳಗೆ ದಾಟ್ಬುಡೋಣ."

ಅವರು ತಮಾಷೆಗೆ ಹೇಳಿದ್ದಲ್ಲ. ನಮ್ಮ ಕಾಲೇಜಿನಲ್ಲಿ ಮೊದಲ ಗಂಟೆಗೆ ಯಾರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಚಹಾ ಮುಗಿಸಿ, ಹಾಜರಿ ಪುಸ್ತಕ ಹುಡುಕಿ, ಎರಡನೆಯದಕ್ಕೆ ಕ್ಲಾಸಿನ ಕಡೆ ಹೊರಡುವುದು. ಹನ್ನೆರಡು ವರ್ಷ ಹಾಗೇ ಬದುಕಿದ ಮೈಗೆ ಸಿಳ್ಳೆಯೂ ಹಾಗೇ ಕೇಳಿಸಿತು. ಅವರು ವೇಗ ಹೆಚ್ಚಿಸಿದರು.

ಕೆಂಪು ಬಟ್ಟೆಯವನು ಬಟ್ಟೆ ಬಿಸಾಡಿ ನಮ್ಮತ್ತಲೇ ಓಡಿಬಂದ. ಏನೋ ಕೂಗುತ್ತಿದ್ದ. ಮೊಪೆಡ್ಡಿನ ಹ್ಯಾಂಡಲ್ ಹಿಡಿದು ತಿರುಚಿದ, ನಾವು ಉರುಳಿದೆವು. ಒಬ್ಬರ ತೋಳು, ಇನ್ನೊಬ್ಬರ ಸೆರಗು ಹಿಡಿದು, ಪಕ್ಕದಲ್ಲಿ ನಿಂತಿದ್ದ ಲಾರಿಯ ಕೆಳಗೆ ಎಳೆದ. ನಾನು ಪೂರ್ತಿ ಒಳಗೆ ಬಂದಿದ್ದೆ. ಗೆಳತಿಯ ತಲೆ ಇನ್ನೂ ಹೊರಗಿತ್ತು. ಆಗ ಬಂಡೆ ಸಿಡಿಯಿತು.

ಈಗಲೂ ನನ್ನನ್ನು ಕಾಡುವುದು ಆ ಸದ್ದಲ್ಲ, ಆಮೇಲಿನ ಹೊತ್ತು. ಆಕಾಶದಿಂದ ಕಲ್ಲು ಬೀಳಲು ಅಷ್ಟು ಸಮಯ ಹಿಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಅವರನ್ನು ನಾನು ಒಳಗೆಳೆದೆನೋ, ಆತನೇ ಎಳೆದನೋ, ಇವತ್ತಿಗೂ ಹೇಳಲಾರೆ. ಲಾರಿಯ ತಗಡಿನ ಮೇಲೆ ಚೂರುಗಳು ಬಿದ್ದವು. ಕೊನೆಯಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಮೊಪೆಡ್ಡಿನ ಹಿಂದಿನ ಸೀಟನ್ನು ಸೀಳಿ ನಿಂತಿತು.

"ಯಾಕ್ರವ್ವಾ, ಕೆಂಪ್ ಬಟ್ಟೆ ಇಡ್ಕಂಡು ನಿಂತಿದ್ದು ನಿಮಗೆ ಆರತಿ ಎತ್ತಾಕಾ?" ಎಂದ ಆತ.

"ಎರಡನೇದು ಊದ್ತೀರ ಅಂದ್ಕೊಂಡ್ವಿ" ಎಂದೆ.

"ಮೊದಲ್ನೇದು ಆಗ್ಲೇ ಊದಾಯ್ತು, ನೀವೆಲ್ಲಿದ್ರೋ. ಇದು ಬತ್ತಿಗೆ ಬೆಂಕಿ ಇಟ್ಮ್ಯಾಲೆ ಊದೋದು." ನಾನು ಅವುಚಿದ್ದ ಚೀಲದ ಮೇಲಿನ ಕಾಲೇಜಿನ ಹೆಸರು ನೋಡಿ, "ಮೇಷ್ಟ್ರುಗಳಾ? ಅಂಗಾದ್ರೆ ಸರೋಯ್ತು ಬುಡಿ" ಎಂದ.

ಗೆಳತಿಗೆ ಇದಾವುದೂ ಕೇಳಿಸಿರಲಿಲ್ಲ. ಬಲಗಿವಿ ಹಿಡಿದುಕೊಂಡು, "ಅರ್ಜಿ ಹರೀತಾ?" ಎಂದು ಕಿರುಚಿದರು. ಹರಿದಿರಲಿಲ್ಲ. ಹಿಂದಕ್ಕೆ ಹೋಗೋಣ, ಆಸ್ಪತ್ರೆಗೆ ಹೋಗೋಣ ಎಂದು ನಾನು ಕೈಸನ್ನೆ ಮಾಡಿದೆ. ಅವರು ಆಗಲೇ ಮೊಪೆಡ್ಡನ್ನು ಅಲ್ಲೇ ಬಿಟ್ಟು, ಚಿನಕುರಳಿಯ ಕಡೆ ಹೊರಟಿದ್ದ ಟ್ರಾಕ್ಟರು ಹತ್ತುತ್ತಿದ್ದರು.

ಆಲೆಮನೆಯಲ್ಲಿ ಪ್ರಿನ್ಸಿಪಾಲರು ಪಂಚೆ ಎತ್ತಿ ಕಟ್ಟಿ, ಬೆಲ್ಲ ಕುದಿಯುವ ಕೊಪ್ಪರಿಗೆಯ ಪಕ್ಕ ನಿಂತಿದ್ದರು. "ಏನ್ರಮ್ಮಾ, ಇಬ್ರೂ ಹಿಟ್ಟಿನ ಗಿರಣಿಯಿಂದ ಬಂದಂಗಿದ್ದೀರಿ?" ಎಂದರು. ನಾನು ಹೇಳಿದ್ದನ್ನು ಕೇಳಿಸಿಕೊಂಡು, "ಪಾಕ ಇಳಿಸೋ ಹೊತ್ತು, ಇರಿ" ಎಂದರು. ಪಾಕ ಇಳಿಯಿತು, ಅಚ್ಚಿಗೆ ಸುರಿದಾಯಿತು, ಕೈ ತೊಳೆದಾಯಿತು. ನಾನು ನೆರಳು ಉದ್ದವಾಗುವುದನ್ನೇ ನೋಡುತ್ತಿದ್ದೆ.

"ಇವ್ರು ಮೂರು ವರ್ಷ ಕಲ್ಲು ಹುಡುಕ್ಕೊಂಡ್ ಹೋದ್ರೆ ಕ್ಲಾಸ್ ಯಾರಪ್ಪನ್ನ ಕರೀಲಿ?"

"ಬದಲಿ ಮೇಷ್ಟ್ರಿಗೆ ಅವ್ರೇ ಸಂಬಳ ಕೊಡ್ತಾರೆ ಸರ್."

"ಮೊದ್ಲೇ ಹೇಳ್ಬಾರ್ದಾ?" ಎಂದು ಸೀಲು ತೆಗೆದರು. ವಾರಗಳಿಂದ ಅದನ್ನೇ ಹೇಳುತ್ತಿದ್ದೆವು.

ಪಾಂಡವಪುರದಲ್ಲಿ ಬಸ್ಸು ಹತ್ತಿದೆವು. ಕಿರಂಗೂರಿನ ಬಳಿ ಕಬ್ಬಿನ ಗಾಡಿಗಳ ಹಿಂದೆ ತೆವಳಿತು. ಶ್ರೀರಂಗಪಟ್ಟಣದಲ್ಲಿ ಡ್ರೈವರು ಚಹಾಕ್ಕೆ ಇಳಿದ. ಮತ್ತೆ ಹೊರಡುವಾಗ ಕಂಡಕ್ಟರು ಸಿಳ್ಳೆ ಊದಿದ್ದಕ್ಕೆ ನಾನು ಸೀಟಿನ ಕೆಳಗೆ ತಲೆ ತೂರಿಸಿದೆ. ಗೆಳತಿ ಏನೂ ಕೇಳಿಸದೆ ನೇರವಾಗಿ ಕುಳಿತಿದ್ದರು, ನಡುನಡುವೆ "ಗಂಟೆ ಎಷ್ಟು?" ಎಂದು ಕೂಗಿದಾಗ ಇಡೀ ಬಸ್ಸು ತಿರುಗಿ ನೋಡುತ್ತಿತ್ತು.

ಮೈಸೂರಿನ ಕಚೇರಿಯಲ್ಲಿ ಬೀರು ಮುಚ್ಚುತ್ತಿದ್ದ ಗುಮಾಸ್ತರು ಗೆಳತಿಯನ್ನು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ. "ಅರ್ಜಿ ನಿಮ್ದೋ ಅವ್ರದೋ?" ಎಂದು ಗೊಣಗಿದರೂ ತೆಗೆದುಕೊಂಡರು.

ಗೆಳತಿಯ ಬಲಗಿವಿ ನಿಧಾನವಾಗಿ ತೆರೆಯಿತು, ಪೂರ್ತಿಯಲ್ಲ. ಸಂದರ್ಶನದಲ್ಲಿ ಎಡಗಿವಿಯನ್ನು ಮುಂದೆ ಮಾಡಿ ಕುಳಿತಿದ್ದರಂತೆ. ಒಬ್ಬರ ಪ್ರಶ್ನೆ ಕೇಳಿಸದೆ ಊಹಿಸಿ ಉತ್ತರಿಸಿದರಂತೆ. ಅದನ್ನು ಕೇಳಿದ ಮೇಲೆ ನನಗಿದ್ದ ಅಷ್ಟಿಷ್ಟು ನಿದ್ದೆಯೂ ಹೋಯಿತು. ಕಣ್ಣು ಮುಚ್ಚಿದರೆ ಅವರ ತಲೆ ಲಾರಿಯ ಹೊರಗೇ ಇರುತ್ತಿತ್ತು. ಬೀದಿ ಕಾವಲಿನವನು ಸಿಳ್ಳೆ ಹಾಕಿದರೆ ಎದ್ದು ಕುಳಿತುಬಿಡುತ್ತಿದ್ದೆ. ಫೆಲೋಶಿಪ್ ಸಿಗದಿದ್ದರೆ ಆ ಕಿವಿಯನ್ನು ಅವರು ಏತಕ್ಕೆ ಕೊಟ್ಟಂತಾಯಿತು ಎಂಬ ಲೆಕ್ಕ ಬೆಳಗಿನವರೆಗೂ ಬಗೆಹರಿಯುತ್ತಿರಲಿಲ್ಲ. ಅವರೆದುರು ಇದನ್ನು ಆಡಲಿಲ್ಲ. ಅವರೂ ಅಂಚೆಯ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ನಿಲ್ಲುತ್ತಿರಲಿಲ್ಲ.

ಬೇಸಿಗೆ ರಜೆ ಕಳೆದು ಕಾಲೇಜು ತೆರೆದ ಮೇಲೆ ಒಂದು ಮಧ್ಯಾಹ್ನ ಫೆಲೋಶಿಪ್ ಮಂಜೂರಾದ ಆದೇಶ ಬಂತು. ಗೆಳತಿ ಓದಿ ನನ್ನ ಕೈಗೆ ಕೊಟ್ಟು, "ಜೋರಾಗಿ ಓದ್ರೀ, ಈ ಕಿವೀಗೂ ಕೇಳ್ಲಿ" ಎಂದರು. ಓದಿದೆ. ಸ್ಟಾಫ್ ರೂಮಿನಲ್ಲಿ ಯಾರೋ ಬಾಳೆಹಣ್ಣು ಹಂಚಿದರು. ನಾಗಮಂಗಲದ ಬಸ್ಸಿನ ವೇಳೆ ಯಾವುದು ಎಂದು ಅವರು ಆಗಲೇ ವಿಚಾರಿಸತೊಡಗಿದ್ದರು.

ಅಂದು ಮನೆಗೆ ಬಂದವಳು ಸೀರೆ ಬದಲಿಸುವ ಮೊದಲೇ ಮಂಚಕ್ಕೆ ಒರಗಿದೆ. ಮಾರನೆಯ ದಿನ ಹಾಲಿನವಳು ಬಾಗಿಲು ಬಡಿದು ಬಡಿದು, "ಮೇಡಮ್ಮಾರೆ, ಊರ್ಗೆ ಓದ್ರಾ ಏನ್ಕತೆ?" ಎಂದು ಕೂಗಿದಾಗಲೇ ನನಗೆ ಎಚ್ಚರ.